ಪಕ್ಕದ ಸೀಟಿನ ಪಂಡಿತರು

ಹಾಫ್‌ಕ್ಲಚ್ ಮೇಷ್ಟ್ರು ಸುಳ್ಳು ಹೇಳುವ ಪೈಕಿಯಲ್ಲ. ಇದನ್ನು ಮೊದಲೇ ಹೇಳಿಬಿಡುವುದು ವಾಸಿ. ಮುಂದೆ ಓದುತ್ತ ಹೋದಂತೆ ಕೆಲವರಿಗೆ ಅನುಮಾನ ಬರಬಹುದು. ಆ ದಿನ ಕ್ಷೌರದಂಗಡಿಯಲ್ಲಿ ಅವರ ಬಾಯಿಂದ ಹೊರಟದ್ದು ಒಂದೇ ಒಂದು "ಹ್ಞೂಂ". ಅದೂ ಗಂಟಲ ಮೇಲೆ ಕತ್ತಿ ಇದ್ದಾಗ.

ಮೇಷ್ಟ್ರದು ಡ್ರೈವಿಂಗ್ ಸ್ಕೂಲು. ಸ್ಕೂಲೆಂದರೆ ಒಂದು ಬೆಂಚು, ಸಂಚಾರ ಚಿಹ್ನೆಗಳನ್ನು ಬರೆದ ಒಂದು ಹಲಗೆ, ನಾಲ್ಕೂ ಮೂಲೆ ನೆಗ್ಗಿದ ಒಂದು ಬಿಳಿ ಕಾರು. ಇಪ್ಪತ್ತಾರು ವರ್ಷಗಳಿಂದ ಪಕ್ಕದ ಸೀಟಿನಲ್ಲಿ ಕೂತು "ಹಾಫ್‌ಕ್ಲಚ್! ಹಾಫ್‌ಕ್ಲಚ್!" ಎಂದು, ಅಂದರೆ ಕ್ಲಚ್ಚನ್ನು ಅರ್ಧಕ್ಕೇ ಹಿಡಿಯಿರಿ ಎಂದು, ಕೂಗಿ ಕೂಗಿ ಅವರಿಗೆ ಆ ಹೆಸರು ಅಂಟಿಕೊಂಡಿತ್ತು. ಪಕ್ಕದ ಸೀಟಿನ ಕೆಳಗೆ ಅವರ ಕಾಲಿಗೆಂದೇ ಒಂದು ಕ್ಲಚ್ಚು, ಒಂದು ಬ್ರೇಕು ಇದ್ದವು. ಶಿಷ್ಯರು ಏನೇ ಅವಾಂತರ ಮಾಡಲಿ, ಗಾಡಿ ನಿಲ್ಲುತ್ತಿದ್ದದ್ದು ಮೇಷ್ಟ್ರ ಕಾಲಿನಿಂದ. ಈ ಅಭ್ಯಾಸ ಎಷ್ಟು ಬೇರೂರಿತ್ತೆಂದರೆ, ಮನೆಯಲ್ಲಿ ಹೆಂಡತಿ ಲೋಟಕ್ಕೆ ಕಾಫಿ ಸುರಿಯುವಾಗಲೂ ಅವರ ಬಲಗಾಲು ನೆಲವನ್ನು ಒತ್ತುತ್ತಿತ್ತು. "ಸಾಕು ಅಂತ ಬಾಯಲ್ಲಿ ಹೇಳಿ ರೀ, ಕಾಲಲ್ಲಿ ಅಲ್ಲ," ಎಂದು ಆಕೆ ನೂರು ಸಲ ಹೇಳಿದ್ದಳು.

ಆ ಶುಕ್ರವಾರ ಬೆಳಿಗ್ಗೆ ಎರಡು ಪಾಠಗಳ ನಡುವೆ ಮೇಷ್ಟ್ರು ಗಡ್ಡ ಹೆರೆಸಿಕೊಳ್ಳಲು ಕೂತಿದ್ದರು. ಬೆಂಚಿನ ಮೇಲೆ ಔಷಧಿ ಅಂಗಡಿಯವರು ಹಳೆಯ ವಾರಪತ್ರಿಕೆ ಬಿಡಿಸಿಕೊಂಡಿದ್ದರು. ಅದರ ನಡುಪುಟಗಳಲ್ಲಿ ಎರಡು ಕಾರು. ಎಡಗಡೆ ಇಟಲಿಯದು, ಕೆಂಪು. ಬಲಗಡೆ ಸ್ವೀಡನ್ನಿನದು, ಬೂದು ಬಣ್ಣ. ಎರಡೂ ಯಾರೋ ಮೇಲೆ ಕೂತುಬಿಟ್ಟ ಹಾಗೆ ಚಪ್ಪಟೆ.

"ಇಟಲಿದೇ ಇಟಲಿದು," ಎಂದ ಕ್ಷೌರಿಕ, ಮೇಷ್ಟ್ರ ಕೆನ್ನೆಗೆ ನೊರೆ ಬಳಿಯುತ್ತ. "ಹನ್ನೆರಡು ಸಿಲಿಂಡರು. ಸೊನ್ನೆಯಿಂದ ನೂರಕ್ಕೆ ಎರಡೂಮುಕ್ಕಾಲು ಸೆಕೆಂಡು. ನಾನು ಬ್ರಷ್ಷು ಅದ್ದಿ ತೆಗೆಯೋದ್ರೊಳಗೆ ನೂರು!"

"ಸ್ವೀಡನ್‌ದು ಎರಡೂವರೆ," ಎಂದರು ಔಷಧಿಯವರು. "ಅದೂ ಎಂಟೇ ಸಿಲಿಂಡರಲ್ಲಿ. ಕಾಲು ಸೆಕೆಂಡು ಅಂದ್ರೆ ಆಟ ಅಲ್ಲ."

"ಕಾಲು ಸೆಕೆಂಡು ಉಳಿಸಿ ನೀವೇನ್ ಮಾಡ್ತೀರಿ? ಅಂಗಡಿ ಬಾಗಿಲು ತೆಗೆಯೋಕೇ ಹತ್ತೂವರೆ ಮಾಡ್ತೀರಿ."

"ಅದಿರಲಿ. ಇಟಲಿದು ಜಗತ್ತಲ್ಲಿ ನಲವತ್ತಿವೆ. ಸ್ವೀಡನ್‌ದು ಹದಿನಾಲ್ಕೇ. ಕಮ್ಮಿ ಇದ್ದಷ್ಟೂ ಬೆಲೆ ಜಾಸ್ತಿ."

"ಹೌದಾ? ನಿಮ್ಮಂಗಡೀಲಿ ಕೆಮ್ಮಿನ ಔಷಧಿ ಕಮ್ಮಿ ಬಿದ್ದಾಗ ಜನ ಹಾಗನ್ನಲ್ವಲ್ಲ!"

ಹೀಗೆ ಮಾತಿಗೆ ಮಾತು ಬೆಳೆಯುತ್ತಿರುವಾಗ, ಕಾರಿನ ವಿಷಯದಲ್ಲಿ ತಮ್ಮನ್ನು ಯಾರೂ ಕೇಳುತ್ತಿಲ್ಲವೆಂಬುದು ಮೇಷ್ಟ್ರ ಮನಸ್ಸಿಗೆ ಚುಚ್ಚಿತು. ಅವರು ನೊರೆಯೊಳಗಿಂದಲೇ ಗಂಭೀರವಾಗಿ ಹೇಳಿದರು: "ಸೊನ್ನೆಯಿಂದ ನೂರಕ್ಕೆ ಯಾರು ಬೇಕಾದ್ರೂ ಹೋಗ್ತಾರ್ರೀ. ನೂರರಿಂದ ಸೊನ್ನೆಗೆ ಹೇಗೆ ಬರ್ತಾರೆ, ಅದನ್ನ ಹೇಳಿ."

ಔಷಧಿಯವರು ಪತ್ರಿಕೆ ತಿರುವಿ ನೋಡಿದರು. ಅದರಲ್ಲಿ ಆ ಅಂಕಿ ಇರಲಿಲ್ಲ. ಕ್ಷೌರಿಕ ಕತ್ತಿಯನ್ನು ಮೇಷ್ಟ್ರ ಗಂಟಲಿಗಿಟ್ಟುಕೊಂಡೇ ಬೆರಗಾಗಿ ಕೇಳಿದ: "ಮೇಷ್ಟ್ರೇ, ಈ ಎರಡನ್ನೂ ನೀವು ಓಡಿಸಿದೀರಾ?"

ಗಂಟಲ ಮೇಲೆ ಕತ್ತಿ ಇರುವಾಗ "ಇಲ್ಲ" ಎನ್ನುವುದು ಅಪಾಯಕರ. ಅದಕ್ಕೆ ನಾಲಿಗೆ ಏಳಬೇಕು, ತಲೆ ಅತ್ತಿತ್ತ ಆಡಬೇಕು, ಗಂಟಲ ಗಂಟು ಮೇಲೆ ಕೆಳಗೆ ಹೋಗಬೇಕು. "ಹ್ಞೂಂ" ಎನ್ನಲು ಏನೂ ಅಲುಗಬೇಕಾಗಿಲ್ಲ. ಮೇಷ್ಟ್ರು ಪ್ರಾಣರಕ್ಷಣೆಗಾಗಿ "ಹ್ಞೂಂ" ಅಂದರು.

ಇಲ್ಲಿಯವರೆಗೆ ಅವರ ತಪ್ಪೇನೂ ಇಲ್ಲ. ಆದರೆ ಕ್ಷೌರಿಕ ಆಮೇಲೆ ಕತ್ತಿಯನ್ನು ತೆಗೆದು, ಬಟ್ಟೆಯಲ್ಲಿ ಒರೆಸಿದ. ಒರೆಸಲು ನಾಲ್ಕು ಸೆಕೆಂಡಾದರೂ ಹಿಡಿಯಿತು. ಅಷ್ಟರಲ್ಲಿ ಸ್ವೀಡನ್ನಿನ ಕಾರು ನೂರು ಮುಟ್ಟಿ ಉಸಿರು ಬಿಡುತ್ತಿತ್ತು. ಒಬ್ಬ ಮನುಷ್ಯ "ಇಲ್ಲ" ಎನ್ನಲು ಧಾರಾಳ ಸಮಯ. ಮೇಷ್ಟ್ರು ಕನ್ನಡಿಯಲ್ಲಿ ತಮ್ಮ ಮುಖ ನೋಡಿಕೊಂಡರು. ನೊರೆಯ ನಡುವೆ ಅದು ಎರಡನ್ನೂ ಓಡಿಸಿದವನ ಮುಖದ ಹಾಗೆಯೇ ಕಂಡಿತು. ಅವರು ಸುಮ್ಮನಾದರು.

ಅವರು ಮನೆ ಸೇರುವಷ್ಟರಲ್ಲಿ ಸುದ್ದಿ ಅವರಿಗಿಂತ ಮುಂಚೆ ಬಂದು ಹೆಂಡತಿಯ ಮುಂದೆ ಕೂತಿತ್ತು.

"ಏನ್ರೀ, ಇಟಲಿಗೆ ಯಾವಾಗ ಹೋಗಿದ್ರಿ?" ಎಂದಳು ಆಕೆ. "ಪಕ್ಕದ ಮನೆಯವರು ಹೇಳಿದ್ರು. ಎದುರು ಮನೆಯವರು ಹೇಳಿದ್ರು. ನನಗೊಬ್ಬಳಿಗೇ ಗೊತ್ತಿಲ್ಲ."

"ಜನ ಏನೋ ಅಂತಾರೆ ಬಿಡೇ."

"ಅನ್ನಲಿ. ಇಟಲಿ ಬೇಡ, ಸ್ವೀಡನ್ ಬೇಡ. ನಮ್ಮ ಈ ಗಾಡೀನ ಗೇಟಿಂದ ಆ ಲೈಟು ಕಂಬದ ತನಕ ಒಂದ್ಸಲ ಓಡಿಸಿ ತೋರಿಸಿ ನೋಡೋಣ."

ಹೆಂಡತಿ ಗುರಿಯಿಟ್ಟು ಹೊಡೆದಿದ್ದಳು. ಊರಿಗೆಲ್ಲ ಡ್ರೈವಿಂಗ್ ಕಲಿಸಿದ ಮೇಷ್ಟ್ರು ಕಳೆದ ಹದಿನಾಲ್ಕು ವರ್ಷಗಳಿಂದ ಡ್ರೈವರ್ ಸೀಟಿನಲ್ಲಿ ಕೂತೇ ಇರಲಿಲ್ಲ. ಹದಿನಾಲ್ಕು ವರ್ಷಗಳ ಹಿಂದೆ ಒಂದು ಸಂಜೆ ಅವರೇ ಗಾಡಿ ಓಡಿಸಿಕೊಂಡು ಮನೆಗೆ ಬಂದಿದ್ದರು. ಗೇಟಿನ ಹತ್ತಿರ ಅವರ ಕಾಲು, ಪಕ್ಕದ ಸೀಟಿನ ರೂಢಿಯಂತೆ, ಬ್ರೇಕನ್ನು ಅದು ಇಲ್ಲದ ಜಾಗದಲ್ಲಿ ಹುಡುಕಿತು. ಗೇಟಿನ ಎಡಗಂಬ ಅಂದು ವಾಲಿದ್ದು ಇಂದಿಗೂ ವಾಲಿಕೊಂಡೇ ಇದೆ. ಹಾಲಿನ ವ್ಯಾನು ಗುದ್ದಿತು ಎಂದು ನೆರೆಯವರಿಗೆ ಹೇಳಿದ್ದಾಯಿತು. ನೋಡಿದ್ದವಳು ಹೆಂಡತಿ ಒಬ್ಬಳೇ.

ಆ ಮೇಲೆ ಮೇಷ್ಟ್ರು ಮಾಡಿಕೊಂಡ ಏರ್ಪಾಡನ್ನು ಮೆಚ್ಚಲೇಬೇಕು. ಬೆಳಗಿನ ಮೊದಲ ಶಿಷ್ಯ ಮನೆ ಬಾಗಿಲಿಗೇ ಬರಬೇಕು. ಸಂಜೆಯ ಕೊನೆಯ ಪಾಠ ಮನೆ ಬಾಗಿಲಲ್ಲೇ ಮುಗಿಯಬೇಕು. "ಟ್ರಾಫಿಕ್ಕಲ್ಲಿ ಅಭ್ಯಾಸ ಆಗ್ಲಿ ಅಂತ," ಎಂದು ಮೇಷ್ಟ್ರು ಹೇಳುತ್ತಿದ್ದರು. ಕೊನೆಯ ಶಿಷ್ಯ ಅಲ್ಲಿಂದ ಎರಡು ಮೈಲಿ ನಡೆದು ಮನೆಗೆ ಹೋಗುವಾಗ, ಇಷ್ಟು ಕಟ್ಟುನಿಟ್ಟಿನ ಗುರು ಸಿಕ್ಕಿದ್ದು ತನ್ನ ಪುಣ್ಯ ಎಂದುಕೊಳ್ಳುತ್ತಿದ್ದ.

ಮರುದಿನ ಟೈಲ್ಸ್ ಸಾಹುಕಾರರಿಂದ ಕರೆ ಬಂತು. ಮೇಷ್ಟ್ರು ಹೆದರಿದರು. ಕಾರಣವಿತ್ತು. ಶಿಷ್ಯರಿಗೆ ಎಂಟು ಹಾಕಿಸುತ್ತಿದ್ದ ಮೈದಾನ, ಅಂದರೆ ಎಂಟರ ಆಕಾರದಲ್ಲಿ ಕಂಬ ನೆಟ್ಟು ಅದರೊಳಗೆ ಗಾಡಿ ತಿರುಗಿಸುವ ಆ ಬಯಲು, ಸಾಹುಕಾರರದು. ಅಲ್ಲಿ ಟೈಲ್ಸ್ ಗೋಡೌನು ಕಟ್ಟಿಸುತ್ತಾರೆಂಬ ಮಾತು ಎರಡು ತಿಂಗಳಿಂದ ಕಿವಿಗೆ ಬೀಳುತ್ತಿತ್ತು. ಸೋಮವಾರ ಸಾರಿಗೆ ಕಚೇರಿಯ ಇನ್ಸ್‌ಪೆಕ್ಟರು ಪರವಾನಗಿ ನವೀಕರಣಕ್ಕೆ ಬರುವವರಿದ್ದರು. ಮೈದಾನವಿಲ್ಲದ ಸ್ಕೂಲಿಗೆ ಪರವಾನಗಿ ಇಲ್ಲ. ಪರವಾನಗಿ ಇಲ್ಲದ ಮೇಷ್ಟ್ರಿಗೆ ಬೇರೆ ಯಾವ ಕೆಲಸವೂ ಬರುವುದಿಲ್ಲ.

ಸಾಹುಕಾರರು ಟೈಲ್ಸ್ ಮಾದರಿಗಳ ನಡುವೆ ಕೂತಿದ್ದರು. ಅವರ ಅಂಗಡಿಯಲ್ಲಿ ನೆಲ, ಗೋಡೆ, ಮೇಜು ಎಲ್ಲವೂ ಹೊಳೆಯುತ್ತಿದ್ದು, ಒಳಗೆ ಬಂದವರು ಜಾರದೆ ನಡೆಯುವುದೇ ದೊಡ್ಡ ಸಾಧನೆಯಾಗಿತ್ತು.

"ಬನ್ನಿ ಮೇಷ್ಟ್ರೇ. ನೀವು ಎರಡನ್ನೂ ಓಡಿಸಿದೀರಂತೆ?"

ಇಲ್ಲಿ ಕತ್ತಿ ಇರಲಿಲ್ಲ, ಮೈದಾನವಿತ್ತು. ಮೇಷ್ಟ್ರು ಮುಗುಳ್ನಕ್ಕರು. ಮುಗುಳ್ನಗೆ ಸುಳ್ಳಲ್ಲ.

"ನನ್ನ ಹತ್ರ ಎರಡೂ ಇವೆ," ಎಂದರು ಸಾಹುಕಾರರು, ಯಾರಿಗೂ ಕೇಳದಂತೆ ದನಿ ತಗ್ಗಿಸಿ. "ನಾಲ್ಕು ವರ್ಷ ಆಯ್ತು ತರಿಸಿ. ಮೈದಾನದ ಪಕ್ಕದ ಶೆಡ್ಡಲ್ಲಿ ಹೊದಿಕೆ ಹೊದಿಸಿ ಇಟ್ಟಿದೀನಿ. ಈಗ ನಮ್ಮನೆಯವಳು ಅರ್ಧ ಶೆಡ್ಡು ಬೇಕು ಅಂತಾಳೆ. ಹೊಲಿಗೆ ಕ್ಲಾಸು ಮಾಡ್ತಾಳಂತೆ. ಒಂದು ಕಾರು ಇಟ್ಕೋ, ಇನ್ನೊಂದು ಕೊಟ್ಬಿಡು, ಇಲ್ಲಾಂದ್ರೆ ನಾನೇ ಎರಡರ ಮೇಲೂ ಮೆಷಿನ್ ಇಟ್ಟು ಹೊಲೀತೀನಿ ಅಂದಿದಾಳೆ. ಹೇಳಿದ್ರೆ ಮಾಡೋಳೇ. ನಾಳೆ ಭಾನುವಾರ ಒಬ್ಬರು ಕಾರು ಸಂಗ್ರಾಹಕರು ಲಾರಿ ತಗೊಂಡು ಬರ್ತಾರೆ. ಯಾವುದು ಕೊಟ್ರೂ ತಗೋತಾರೆ. ಯಾವುದನ್ನ ಇಟ್ಕೊಳ್ಳಲಿ ಅಂತ ನೀವು ಓಡಿಸಿ ನೋಡಿ ಹೇಳ್ಬೇಕು."

"ನೀವೇ ಓಡಿಸಿ ನೋಡಿಲ್ವಾ?"

ಸಾಹುಕಾರರು ಮುಖ ಕೆಳಗೆ ಹಾಕಿದರು. "ನಂಗೆ ಎಂಟು ಬರಲ್ಲ ಅಂತ ನಿಮಗೆ ಗೊತ್ತಲ್ಲ, ಮೇಷ್ಟ್ರೇ. ಮೂರು ಸಲ ಫೇಲಾದೆ. ನಾಲ್ಕನೇ ಸಲ ಇನ್ಸ್‌ಪೆಕ್ಟರು ಪಾಪ ಅಂತ ಬಿಟ್ರು. ಅವತ್ತಿಂದ ಹಿಂದಿನ ಸೀಟೇ ನಂದು."

ಹೊರಡುವಾಗ ಮೇಷ್ಟ್ರು ಬಾಗಿಲ ಹತ್ತಿರ ನಿಂತು, ಕೇಳಲೋ ಬೇಡವೋ ಎನ್ನುತ್ತ ಕೇಳಿದರು: "ಆ ಗೋಡೌನಿನ ವಿಷಯ..."

"ನಾಳೆದು ಮುಗೀಲಿ," ಎಂದರು ಸಾಹುಕಾರರು. "ನಿಮ್ಮ ಮಾತು ನನಗೆ ಸರಿ ಅನ್ನಿಸಿದ್ರೆ, ನನ್ನ ಮಾತೂ ನಿಮಗೆ ಸರಿ ಅನ್ನಿಸುತ್ತೆ."

ಮೇಷ್ಟ್ರು ಜಾರುವ ನೆಲದ ಮೇಲೆ ಹಾಫ್‌ಕ್ಲಚ್ಚಿನಲ್ಲಿ ನಡೆದು ಹೊರಬಂದರು.

ಭಾನುವಾರ ಬೆಳಿಗ್ಗೆ ಸ್ಕೂಲಿಗೆ ರಜೆ. ಆದರೂ ಮೇಷ್ಟ್ರು ನರ್ಸೊಬ್ಬರಿಗೆ ವಿಶೇಷ ಪಾಠ ಇಟ್ಟುಕೊಂಡು, ಅವರ ಕೈಯಲ್ಲಿ ಗಾಡಿ ಓಡಿಸಿಕೊಂಡು, ಹಿಂದಿನ ಸೀಟಿನಲ್ಲಿ ಹೆಂಡತಿಯನ್ನು ಕೂರಿಸಿಕೊಂಡು ಮೈದಾನಕ್ಕೆ ಬಂದರು. ಹೆಂಡತಿಯನ್ನು ಅವರು ಕರೆದಿರಲಿಲ್ಲ. "ಇಟಲಿಗಂತೂ ನನ್ನ ಬಿಟ್ಟು ಹೋದ್ರಿ," ಎನ್ನುತ್ತ ಆಕೆಯೇ ಹತ್ತಿ ಕೂತಿದ್ದಳು.

ಮೈದಾನದಲ್ಲಿ ಜನ ನೆರೆದಿತ್ತು. ಕ್ಷೌರಿಕ ಅಂಗಡಿಗೆ ಬೀಗ ಹಾಕಿ ಬಂದಿದ್ದ. ಔಷಧಿಯವರು ಕಾಲು ಸೆಕೆಂಡನ್ನು ಅಳೆಯಲು ಗಡಿಯಾರ ತಂದಿದ್ದರು. ಇನ್ಸ್‌ಪೆಕ್ಟರು ಕೂಡ ತರಕಾರಿ ಚೀಲ ಹಿಡಿದು ನಿಂತಿದ್ದರು. "ನಾನು ಡ್ಯೂಟಿಯಲ್ಲಿಲ್ಲ," ಎಂದು ಅವರು ಎಲ್ಲರಿಗೂ ಒಂದೊಂದು ಸಲ ತಿಳಿಸಿದರು.

ಶೆಡ್ಡಿನ ಬಾಗಿಲು ತೆರೆದು, ಹೊದಿಕೆ ಸರಿಸಿ, ಕೆಂಪು ಕಾರನ್ನು ಆಳುಗಳು ಹೊರಗೆ ತಳ್ಳಿದರು. ಜನ ಒಂದು ಹೆಜ್ಜೆ ಹಿಂದೆ ಸರಿದರು. ಸಾಹುಕಾರರು ಬೀಗದ ಕೈಯನ್ನು ಎರಡೂ ಕೈಯಲ್ಲಿ ಹಿಡಿದು ಮೇಷ್ಟ್ರ ಮುಂದೆ ಚಾಚಿದರು.

ಮೇಷ್ಟ್ರು ಕೈ ಬೆನ್ನ ಹಿಂದೆ ಕಟ್ಟಿಕೊಂಡರು. ಇಡೀ ರಾತ್ರಿ ಅವರು ಈ ಒಂದು ಮಾತನ್ನು ಸಿದ್ಧಪಡಿಸಿಕೊಂಡಿದ್ದರು. "ಓಡಿಸೋನಿಗೆ ರಸ್ತೆ ಕಾಣುತ್ತೆ, ಸಾಹುಕಾರ್ರೇ. ಗಾಡಿ ಕಾಣೋದು ಪಕ್ಕದಲ್ಲಿ ಕೂತೋನಿಗೆ. ನೀವು ಓಡಿಸಿ."

"ಆಹಾ," ಎಂದ ಕ್ಷೌರಿಕ. "ನೋಡಿದ್ರಾ? ಎರಡನ್ನೂ ಓಡಿಸಿದವರ ಮಾತು ಅಂದ್ರೆ ಹೀಗಿರುತ್ತೆ."

ಕಾರಿನೊಳಗೆ ಕೂರುವುದೆಂದರೆ ಕೂರುವುದಲ್ಲ, ಬೀಳುವುದು. ಮೇಷ್ಟ್ರು ಬಿದ್ದರು. ಪಕ್ಕದಲ್ಲಿ ಸಾಹುಕಾರರು ಬಿದ್ದರು. ಎಂಜಿನ್ ಹಚ್ಚಿದಾಗ ಬೆನ್ನ ಹಿಂದೆ ಯಾರೋ ಬೃಹದಾಕಾರದವರು ಗಂಟಲು ಸರಿಪಡಿಸಿಕೊಂಡಂತಾಯಿತು. ಮೇಷ್ಟ್ರು ಕಿಸೆಯಿಂದ ಸ್ಕೂಲಿನ ರಿಜಿಸ್ಟರು ತೆಗೆದರು. ಕಾರುಗಳನ್ನು ತೂಗಿ ನೋಡಲು ಜಗತ್ತಿನಲ್ಲಿ ಏನೇನು ಅಳತೆಗಳಿವೆಯೋ ಅವರಿಗೆ ತಿಳಿಯದು. ಅವರಿಗೆ ಗೊತ್ತಿದ್ದ ಅಳತೆ ಒಂದೇ.

"ಕನ್ನಡಿ ನೋಡಿ. ಹಿಂದೆ ಏನ್ ಕಾಣುತ್ತೆ?"

"ಎಂಜಿನ್ನು."

ಮೇಷ್ಟ್ರು ಬರೆದುಕೊಂಡರು: ಹಿಂದೆ ನೋಟ ಇಲ್ಲ. "ಕ್ಲಚ್ ಒತ್ತಿ, ಮೊದಲ ಗೇರಿಗೆ ಹಾಕಿ."

"ಕ್ಲಚ್ಚೇ ಇಲ್ಲ ಮೇಷ್ಟ್ರೇ!"

ಕ್ಲಚ್ಚಿಲ್ಲದ ಕಾರಿನಲ್ಲಿ ಹಾಫ್‌ಕ್ಲಚ್ ಮೇಷ್ಟ್ರ ಗತಿ ಏನಾಗಬೇಕು? ಕೊನೆಗೆ "ಕ್ಲಚ್: ಗೈರುಹಾಜರಿ" ಎಂದು ಬರೆದರು.

ಕಾರು ಎಂಟರ ಕಂಬಗಳ ಕಡೆಗೆ ಹೊರಟಿತು. ಸೊನ್ನೆಯಿಂದ ಹತ್ತಕ್ಕೆ ಹೋಗಲು ಸಾಹುಕಾರರು ಸುಮಾರು ಒಂದು ನಿಮಿಷ ತೆಗೆದುಕೊಂಡರು. ಔಷಧಿಯವರು ಗಡಿಯಾರ ನೋಡಿ ತಲೆಯಾಡಿಸಿದರು. ಮೊದಲ ತಿರುವಿನಲ್ಲೇ ಒಂದು ಕಂಬ ಉರುಳಿತು.

"ಮತ್ತೊಂದ್ಸಲ," ಎಂದರು ಮೇಷ್ಟ್ರು. ಈ ಮಾತು ಅವರ ಬಾಯಿಂದ ತಾನಾಗಿ ಬರುವಂಥದು.

ಮತ್ತೊಂದು ಸಲ ಎರಡು ಕಂಬ ಬಿದ್ದವು. ಮತ್ತೊಂದು ಸಲ ನೆಲದ ಉಬ್ಬಿಗೆ ಕಾರಿನ ಹೊಟ್ಟೆ ಕರ್ರೆಂದು ಉಜ್ಜಿತು. "ಇಂಡಿಕೇಟರ್ ಹಾಕಿಲ್ಲ," ಎಂದು ಇನ್ಸ್‌ಪೆಕ್ಟರು ಕೂಗಿದರು, "ನಾನು ಡ್ಯೂಟಿಯಲ್ಲಿಲ್ಲ, ಆದ್ರೂ!" ಮೇಷ್ಟ್ರ ಬಲಗಾಲು ಇಲ್ಲದ ಬ್ರೇಕನ್ನು ಒತ್ತಿ ಒತ್ತಿ ಕಾಲಡಿಯ ಮ್ಯಾಟು ಮುದ್ದೆಯಾಯಿತು. ಆದರೆ ಅವರು ಹೆದರಿಕೆ ಮರೆತಿದ್ದರು. ಸಾಹುಕಾರರೂ ಕಾರಿನ ಬೆಲೆ ಮರೆತಿದ್ದರು. "ಬೇಗ ತಿರುಗಿಸಬೇಡಿ! ಕಂಬ ನಿಮ್ಮ ಭುಜಕ್ಕೆ ಬರೋ ತನಕ ಕಾಯಿರಿ! ಈಗ! ಈಗ ತಿರುಗಿಸಿ!" ಸಾಹುಕಾರರ ಅಂಗಿ ಬೆವರಿಗೆ ಮೈಗಂಟಿತ್ತು. ನಾಲಿಗೆ ಹಲ್ಲುಗಳ ನಡುವಿಂದ ಹೊರಗೆ ಇಣುಕುತ್ತಿತ್ತು. ಇಪ್ಪತ್ತೇಳನೆಯ ಸಲ ಕೆಂಪು ಕಾರು ಒಂದು ಕಂಬವನ್ನೂ ಮುಟ್ಟದೆ ಇಡೀ ಎಂಟನ್ನು ಸುತ್ತಿ ಬಂದು ನಿಂತಿತು. ಜನ ಚಪ್ಪಾಳೆ ತಟ್ಟಿದರು. ಸಾಹುಕಾರರಿಗೆ ಕಣ್ಣಲ್ಲಿ ನೀರು ಬಂತು.

ಆಗಲೇ ಮೈದಾನದ ಅಂಚಿನಲ್ಲಿ ಒಂದು ದೊಡ್ಡ ಮುಚ್ಚಿದ ಲಾರಿ ನಿಂತದ್ದೂ, ಅದರಿಂದ ಬಿಳಿ ಕೈಗವಸು ತೊಟ್ಟ ಒಬ್ಬರು ಇಳಿದು ಎರಡೂ ಕೈ ಮೇಲೆತ್ತಿ ಓಡಿಬರುತ್ತಿದ್ದದ್ದೂ ಎಲ್ಲರಿಗೂ ಕಂಡಿತು. ಸಂಗ್ರಾಹಕರು.

"ಓಡಿಸಿದ್ರಾ?" ಎಂದು ಅವರು ಕಿರುಚಿದರು. "ಇದನ್ನ ಓಡಿಸಿಬಿಟ್ರಾ?"

"ಕಾರಲ್ವೇನ್ರೀ," ಎಂದರು ಔಷಧಿಯವರು.

ಸಂಗ್ರಾಹಕರು ಬಾಗಿ, ಕಾರಿನೊಳಗೆ ಅದು ಓಡಿದ ದೂರ ತೋರಿಸುವ ಅಂಕಿ ನೋಡಿದರು. ಹೊಟ್ಟೆಯಡಿ ಟಾರ್ಚು ಬಿಟ್ಟು ನೋಡಿದರು. ಎದ್ದಾಗ ಅವರ ಮುಖ ಬಿಳಿ ಕೈಗವಸಿನ ಬಣ್ಣಕ್ಕೆ ತಿರುಗಿತ್ತು. "ಕಂಪನಿಯಿಂದ ಹೊರಬಿದ್ದಾಗ ಮೂವತ್ತೊಂದು ಕಿಲೋಮೀಟರು ಇತ್ತು. ಈಗ ಮೂವತ್ತನಾಲ್ಕು! ಸ್ವಾಮೀ, ಇಂಥ ಕಾರಿಗೆ ಬೆಲೆ ಬರೋದೇ ಓಡಿಸದೆ ಇಟ್ಟಿದ್ದಕ್ಕೆ. ಓಡಿದಷ್ಟೂ ಅದು ಬರೀ ಕಾರಾಗುತ್ತೆ. ನನಗೆ ಇದು ಬೇಡ. ಇನ್ನೊಂದು ಎಲ್ಲಿ? ಅದನ್ನೂ ಎಂಟು ಹಾಕಿಸಿದ್ರಾ?"

"ಇನ್ನೂ ಇಲ್ಲ," ಎಂದರು ಮೇಷ್ಟ್ರು ಮೆಲ್ಲಗೆ.

ಬೂದು ಕಾರು ಹೊರಗೆ ಬಂತು. ಹತ್ತೊಂಬತ್ತು ಕಿಲೋಮೀಟರು. ಸಂಗ್ರಾಹಕರು ಅದರ ಮೇಲೆ ನೊಣ ಕೂರದಂತೆ ಕೈ ಬೀಸುತ್ತ ಒಂದು ಸುತ್ತು ಬಂದರು. ಲಾರಿಯ ಹಿಂಬಾಗಿಲಿನಿಂದ ನೆಲಕ್ಕೆ ಎರಡು ಹಲಗೆ ಇಳಿಬಿಟ್ಟರು. ಹಲಗೆಗಳು ಚಕ್ರದಷ್ಟೇ ಅಗಲ. ಒಂದು ಗೇಣು ಆಚೀಚೆಯಾದರೆ ಹದಿನಾಲ್ಕರಲ್ಲಿ ಹದಿಮೂರು ಉಳಿಯುತ್ತವೆ.

"ಹತ್ತಿಸೋಕೆ ಪಳಗಿದ ಕೈ ಬೇಕು," ಎಂದರು ಸಂಗ್ರಾಹಕರು. "ಇಲ್ಲಿ ಯಾರಾದ್ರೂ ಇಂಥ ಕಾರು ಓಡಿಸಿದವರು ಇದ್ದಾರಾ?"

"ಇದ್ದಾರಲ್ಲ!" ಕ್ಷೌರಿಕ ಎದೆಯುಬ್ಬಿಸಿ ಮುಂದೆ ಬಂದ. "ನಮ್ಮ ಮೇಷ್ಟ್ರು! ಎರಡನ್ನೂ!"

ನೂರು ಕಣ್ಣು ಮೇಷ್ಟ್ರ ಕಡೆ ತಿರುಗಿದವು. ಸಾಹುಕಾರರ ಕಣ್ಣೂ ತಿರುಗಿತು, ಇನ್ಸ್‌ಪೆಕ್ಟರ ಕಣ್ಣೂ. ಮೇಷ್ಟ್ರು ಹೆಂಡತಿಯ ಕಡೆ ನೋಡಿದರು. ಆಕೆ ಆಕಾಶ ನೋಡುತ್ತಿದ್ದಳು. ಇಪ್ಪತ್ತಾರು ವರ್ಷದ ಸ್ಕೂಲು, ಬೆಂಚು, ಹಲಗೆ, ಬಿಳಿ ಕಾರು ಎಲ್ಲವೂ ಒಂದು "ಹ್ಞೂಂ"ಗೆ ಕೊಚ್ಚಿಹೋಗುವ ಹೊತ್ತು ಬಂತು ಎಂದುಕೊಳ್ಳುತ್ತ ಮೇಷ್ಟ್ರು ಕಾರಿನ ಕಡೆ ನಡೆದರು. ಜನ ದಾರಿ ಬಿಟ್ಟರು. ಮೇಲಕ್ಕೆ ಎದ್ದ ಬಾಗಿಲಿನಡಿ ಬಗ್ಗಿ, ಕಣ್ಣು ಮುಚ್ಚಿ, ಒಳಗೆ ಬಿದ್ದರು.

ಕಣ್ಣು ಬಿಟ್ಟಾಗ ಮುಂದೆ ಸ್ಟೀರಿಂಗ್ ಇರಲಿಲ್ಲ. ಕಾಲು ತನ್ನ ಪಾಡಿಗೆ ತಾನು ಅವರನ್ನು ಪಕ್ಕದ ಸೀಟಿಗೇ ತಂದು ಕೂರಿಸಿತ್ತು.

ಸಂಗ್ರಾಹಕರು ಇಣುಕಿ ನೋಡಿ, "ಓಡಿಸೋ ಸೀಟು ಆ ಕಡೆ," ಎಂದರು.

"ಗೊತ್ತು," ಎಂದರು ಮೇಷ್ಟ್ರು. ಅವರಿಗೆ ನಿಜಕ್ಕೂ ಬೇರೇನೂ ತೋಚಲಿಲ್ಲ. ಬಾಯಿಗೆ ಬಂದದ್ದನ್ನು ಗದರುವ ದನಿಯಲ್ಲಿ ಹೇಳಿಬಿಟ್ಟರು. "ಆ ಸೀಟಲ್ಲಿ ಯಾರೂ ಕೂರಕೂಡದು! ಈ ಗಾಡೀನ ಓಡಿಸಕೂಡದು! ಎಂಜಿನ್ ಹಚ್ಚಬೇಡಿ. ನ್ಯೂಟ್ರಲ್ಲಿಗೆ ಹಾಕಿ ತಳ್ಳಿ!"

ಸಂಗ್ರಾಹಕರು ನಿಧಾನವಾಗಿ ಬಲಗೈಯ ಕೈಗವಸು ಕಳಚಿ, ಮೇಷ್ಟ್ರ ಕೈ ಹಿಡಿದುಕೊಂಡರು. "ಇಪ್ಪತ್ತು ವರ್ಷದಿಂದ ಕಾರು ಕೊಳ್ತಾ ಇದೀನಿ. ಪ್ರತಿ ಊರಲ್ಲೂ ಪಂಡಿತರು ಬರ್ತಾರೆ, ಓಡಿಸ್ತೀನಿ ಕೊಡಿ, ಓಡಿಸ್ತೀನಿ ಕೊಡಿ ಅಂತಾರೆ. ಓಡಿಸಬೇಡಿ ಅಂದವರು ನೀವೊಬ್ಬರೇ."

ಊರೆಲ್ಲ ಕೈ ಹಚ್ಚಿತು. ಆಳುಗಳು, ಕ್ಷೌರಿಕ, ಔಷಧಿಯವರು, ತರಕಾರಿ ಚೀಲವನ್ನು ಕೊರಳಿಗೆ ತೂಗುಹಾಕಿಕೊಂಡ ಇನ್ಸ್‌ಪೆಕ್ಟರು. ಮೇಷ್ಟ್ರು ಪಕ್ಕದ ಸೀಟಿನಿಂದ ಒಂದು ಕೈ ಚಾಚಿ ಸ್ಟೀರಿಂಗ್ ಹಿಡಿದರು. ಆಗ ನಡೆದದ್ದನ್ನು ನೋಡಿದವರು ಇಂದಿಗೂ ಹೇಳುತ್ತಾರೆ. ಪಕ್ಕದ ಸೀಟಿನಿಂದ ಒಂದು ಕೈಯಲ್ಲಿ ಸ್ಟೀರಿಂಗ್ ತಿದ್ದುವುದು ಜಗತ್ತಿನಲ್ಲಿ ಬಹಳ ಜನರಿಗೆ ಬರುವ ವಿದ್ಯೆಯಲ್ಲ. ಇಪ್ಪತ್ತಾರು ವರ್ಷ, ದಿನಕ್ಕೆ ಎಂಟು ಗಂಟೆ, ಹೆದರಿದವರ, ಅತ್ತವರ, ಕಣ್ಣು ಮುಚ್ಚಿದವರ ಕೈಯಿಂದ ಗಾಡಿಯನ್ನು ಹಾಗೆ ತಪ್ಪಿಸಿ ತಪ್ಪಿಸಿ ಬದುಕಿ ಉಳಿದವರು ಅವರು. ಎರಡು ಬೆರಳಲ್ಲಿ ಇಷ್ಟು ಎಡಕ್ಕೆ, ಒಂದು ಚೂರು ಬಲಕ್ಕೆ. ಬೂದು ಕಾರು ಎರಡು ಹಲಗೆಗಳ ಮೇಲೆ ಗೆರೆ ಎಳೆದ ಹಾಗೆ ಹತ್ತಿ ಹೋಯಿತು. ಮೇಲೆ ತಲುಪಿದಾಗ ಮೇಷ್ಟ್ರು ಬಲಗಾಲನ್ನು ನೆಲಕ್ಕೆ ಬಲವಾಗಿ ಒತ್ತಿದರು. ತಳ್ಳುತ್ತಿದ್ದವರಿಗೂ ಆಗಲೇ ಸುಸ್ತಾದ್ದರಿಂದ ಕಾರು ನಿಂತಿತು.

ಸಾಹುಕಾರರು ಕೆಂಪು ಕಾರಿಗೆ ಒರಗಿ ನಿಂತಿದ್ದರು. ಮೇಷ್ಟ್ರು ಲಾರಿಯಿಂದ ಇಳಿದು ಅವರ ಹತ್ತಿರ ಬಂದರು. ಮೂರು ಕಿಲೋಮೀಟರಿನಲ್ಲಿ ಕಾರಿನ ಬೆಲೆ ಇಳಿದದ್ದಲ್ಲದೆ ಹೊಟ್ಟೆಯೂ ಕೆತ್ತಿಹೋಗಿತ್ತು.

"ಮೇಷ್ಟ್ರೇ, ನಿಮ್ಮ ತೀರ್ಪು?" ಎಂದರು ಸಾಹುಕಾರರು.

ಮೇಷ್ಟ್ರು ರಿಜಿಸ್ಟರು ತೆರೆದು, ಇದ್ದದ್ದನ್ನು ಇದ್ದ ಹಾಗೆ ಓದಿದರು. "ಕೆಂಪು: ಹಿಂದೆ ನೋಟ ಇಲ್ಲ. ಕ್ಲಚ್ ಗೈರುಹಾಜರಿ. ಉಬ್ಬು ದಾಟಲ್ಲ. ಇಪ್ಪತ್ತೇಳನೇ ಸಲಕ್ಕೆ ಪಾಸು. ಬೂದು: ಪರೀಕ್ಷೆಗೆ ಕೂತಿಲ್ಲ."

ಸಾಹುಕಾರರು ಗಟ್ಟಿಯಾಗಿ ನಕ್ಕರು. "ಪಾಸಾದದ್ದನ್ನೇ ಇಟ್ಕೋತೀನಿ. ನಾಲ್ಕು ವರ್ಷ ಹೊದಿಕೆ ಎತ್ತಿ ನೋಡಿ ಮುಚ್ಚಿಡ್ತಿದ್ದೆ, ಮೇಷ್ಟ್ರೇ. ಅದು ನಂದು ಅಂತ ಇವತ್ತು ಗೊತ್ತಾಯ್ತು. ಗೋಡೌನು ಬೇರೆ ಕಡೆ ಕಟ್ಟಿಸ್ತೀನಿ. ದಿನಾ ಆರು ಗಂಟೆಗೆ ಬರ್ತೀನಿ, ನನಗೆ ಹಿಂದಕ್ಕೆ ಎಂಟು ಹಾಕೋದು ಕಲಿಸಿ."

ಇನ್ಸ್‌ಪೆಕ್ಟರು ಬೆವರೊರೆಸಿಕೊಂಡು, "ಮೈದಾನ ನೋಡಿದ್ದಾಯ್ತು. ನಾಳೆ ಡ್ಯೂಟಿಗೆ ಬಂದ ಮೇಲೆ ನೋಡಿದ ಹಾಗೆ ಬರ್ಕೋತೀನಿ," ಎಂದರು.

ಹೊರಡುವ ಮುಂಚೆ ಸಂಗ್ರಾಹಕರು ಮೇಷ್ಟ್ರ ಹೆಂಡತಿಗೂ ಕೈಮುಗಿದರು. "ಇಂಥವರನ್ನ ಪಡೆಯೋಕೆ ಪುಣ್ಯ ಮಾಡಿರ್ಬೇಕಮ್ಮ."

"ಅದಿರಲಿ, ಒಂದು ಮಾತು ಕೇಳ್ತೀನಿ," ಎಂದಳು ಆಕೆ. "ಓಡಿಸದೆ ಇಟ್ಟಷ್ಟೂ ಬೆಲೆ ಜಾಸ್ತಿ ಅಂದ್ರಲ್ಲ. ಇವರು ಹದಿನಾಲ್ಕು ವರ್ಷದಿಂದ ಓಡಿಸಿಲ್ಲ. ಜಗತ್ತಿಗೆಲ್ಲ ಒಂದೇ ಇರೋದು. ಎಷ್ಟು ಕೊಡ್ತೀರಿ?"

ಮೇಷ್ಟ್ರಿಗೆ ನೆಲ ಬಿರಿಯಬಾರದೇ ಎನ್ನಿಸಿತು. ಆದರೆ ಜನವೆಲ್ಲ ಹೊಟ್ಟೆ ಹಿಡಿದು ನಕ್ಕಿತು. ಮೇಷ್ಟ್ರ ಮನೆಯವರು ಬಹಳ ತಮಾಷೆಯವರು ಎಂದು ಎಲ್ಲರೂ ಒಪ್ಪಿಕೊಂಡರು.

ಲಾರಿ ಹೋಯಿತು. ಜನ ಕರಗಿದರು. ಕೆಂಪು ಕಾರು ಶೆಡ್ಡು ಸೇರಿತು. ಮೈದಾನದಲ್ಲಿ ಮೇಷ್ಟ್ರು, ಹೆಂಡತಿ ಮತ್ತು ಬಿಳಿ ಕಾರು ಉಳಿದರು. ಆಗ ಮೇಷ್ಟ್ರಿಗೆ ಹೊಳೆಯಿತು: ನರ್ಸು ಆಸ್ಪತ್ರೆಗೆ ಹೊರಟುಹೋಗಿದ್ದರು. ಭಾನುವಾರ ಬೇರೆ ಶಿಷ್ಯರಿಲ್ಲ.

"ನಡ್ಕೊಂಡು ಹೋಗೋಣ," ಎಂದರು ಮೇಷ್ಟ್ರು. "ಗಾಳಿ ಚೆನ್ನಾಗಿದೆ."

ಹೆಂಡತಿ ಪಕ್ಕದ ಸೀಟಿನ ಬಾಗಿಲು ತೆಗೆದು ಕೂತಳು. ಚಪ್ಪಲಿ ಬಿಚ್ಚಿ, ಎರಡೂ ಪಾದಗಳನ್ನು ಕೆಳಗಿನ ಕ್ಲಚ್ಚು ಬ್ರೇಕುಗಳ ಮೇಲಿಟ್ಟಳು. "ಹತ್ತಿ. ಎಷ್ಟು ಜನಕ್ಕೆ ನೀವು ಪಕ್ಕದಲ್ಲಿ ಕೂತಿದೀರಿ. ನಿಮ್ಮ ಪಕ್ಕದಲ್ಲಿ ನಾನಿದೀನಿ."

ಮೇಷ್ಟ್ರು ಡ್ರೈವರ್ ಸೀಟಿನ ಬಾಗಿಲು ತೆಗೆದರು. ಅವರು ಹತ್ತಿದರು. ಹದಿನಾಲ್ಕು ವರ್ಷಗಳ ಮೇಲೆ ಸ್ಟೀರಿಂಗ್ ಹಿಡಿದರು. "ಹಾಫ್‌ಕ್ಲಚ್!" ಎಂದು ಹೆಂಡತಿ ಕೂಗಿದಳು. ಗಾಡಿ ನಡುಗಿತು, ಕೆಮ್ಮಿತು, ಹೊರಟಿತು. ಐದು ತಿರುವು, ಎರಡು ಉಬ್ಬು, ಒಂದು ಪೇಟೆ ಬೀದಿ. ಯಾರಿಗೂ ಏನೂ ಆಗಲಿಲ್ಲ. ಮೇಷ್ಟ್ರಿಗೆ ಖುಷಿಯೋ ಖುಷಿ. ಮನೆಯ ಗೇಟು ಕಂಡಾಗ ಅವರು ಹೆಂಡತಿ ಬ್ರೇಕ್ ಒತ್ತುತ್ತಾಳೆ ಎಂದುಕೊಂಡರು. ಇಷ್ಟು ದೂರ ಚೆನ್ನಾಗಿ ಓಡಿಸಿದ್ದಾರೆ, ಅವರೇ ಒತ್ತುತ್ತಾರೆ ಎಂದು ಆಕೆ ಕಾಲು ತೆಗೆದಳು.

ಈಗ ಮೇಷ್ಟ್ರ ಮನೆಯ ಗೇಟಿನ ಎರಡೂ ಕಂಬ ವಾಲಿವೆ. ಎಡದ್ದು ಎಡಕ್ಕೆ, ಬಲದ್ದು ಬಲಕ್ಕೆ. ಮೊದಲಿಗಿಂತ ನೋಡಲು ಲಕ್ಷಣವಾಗಿದೆ.

ಮುಂದಿನ ಶುಕ್ರವಾರ ಮೇಷ್ಟ್ರು ಗಡ್ಡಕ್ಕೆ ಕೂತಾಗ ಅದೇ ಮಾತು ನಡೆದಿತ್ತು. ಎಡಗಂಬವೇ ಮೇಲು, ಹದಿನಾಲ್ಕು ವರ್ಷದ ಹಳೆಯದು, ಅದಕ್ಕೆ ಬೆಲೆ ಹೆಚ್ಚು ಎಂದು ಔಷಧಿಯವರು. ಬಲಗಂಬದ ವಾಲಿಕೆಯೇ ಹೆಚ್ಚು, ಗುದ್ದಿದ ವೇಗ ನೋಡಿ ಎಂದು ಕ್ಷೌರಿಕ. "ಎಡದ್ದು ಹಾಲಿನ ವ್ಯಾನು, ಗೊತ್ತು. ಬಲದ್ದು ಯಾವನ್ ಗುದ್ದಿದ್ದು ಮೇಷ್ಟ್ರೇ? ಯಾವ ಶಿಷ್ಯ?"

ಮೇಷ್ಟ್ರು ಕೈಯೆತ್ತಿ ಕತ್ತಿಯನ್ನು ತಡೆದರು. ಕ್ಷೌರಿಕ ಅದನ್ನು ಪೂರ್ತಿ ದೂರ ಸರಿಸಿ, ಬಟ್ಟೆಯಲ್ಲಿ ಒರೆಸಿ ಮುಗಿಸುವವರೆಗೂ ಕಾದರು. ಆಮೇಲೆ ಸ್ಪಷ್ಟವಾಗಿ ಹೇಳಿದರು: "ಎಡದ್ದೂ ನಾನೇ, ಬಲದ್ದೂ ನಾನೇ."

"ಎರಡನ್ನೂ ನೀವೇನಾ?"

"ಹ್ಞೂಂ."

ಕ್ಷೌರಿಕ ಮತ್ತು ಔಷಧಿಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಇಬ್ಬರೂ ಬಿದ್ದು ಬಿದ್ದು ನಕ್ಕರು.

"ಗಂಡ ಹೆಂಡತಿ ಇಬ್ಬರದೂ ಒಂದೇ ತಮಾಷೆ," ಎಂದ ಕ್ಷೌರಿಕ, ಕಣ್ಣೊರೆಸಿಕೊಂಡು. "ಹೋಗ್ಲಿ ಬಿಡಿ, ಆ ಶಿಷ್ಯನ ಹೆಸರು ಹೇಳೋಕೆ ಇಷ್ಟ ಇಲ್ಲ ಅಂದ್ರೆ ಬೇಡ. ಕತ್ತು ಮೇಲೆತ್ತಿ."